ಮಗುವಿನ ಸೀಟು ಎಷ್ಟು ಒರಗಿರಬೇಕು?

ಮೈಸೂರಿನ ತವರಿನಲ್ಲಿ ಬಾಣಂತನ ಮುಗಿದು, ಮೂರನೆಯ ತಿಂಗಳಲ್ಲೋ ಐದನೆಯ ತಿಂಗಳಲ್ಲೋ ತಾಯಿ ಮಗುವನ್ನು ಗಂಡನ ಮನೆಗೆ ಕಳುಹಿಸುವ ದಿನ ಹೊಸಿಲಲ್ಲಿ ದೃಷ್ಟಿ ತೆಗೆಯುತ್ತಾರೆ, ಕಾರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಆಮೇಲೆ ಮಗುವನ್ನು ಅಜ್ಜಿಯ ಮಡಿಲಿಗೆ ಕೊಟ್ಟು ಬೆಂಗಳೂರು ಹೆದ್ದಾರಿ ಹಿಡಿಯುತ್ತಾರೆ. ನಿಂಬೆಹಣ್ಣಿಗಿಂತಲೂ ಈ ಮಡಿಲಿನ ಮೇಲಿನ ನಂಬಿಕೆ ನನ್ನನ್ನು ಹೆಚ್ಚು ಕಂಗೆಡಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಒಳಗಿರುವ ಎಲ್ಲದರ ಮೇಲೂ ಗುರುತ್ವದ ಸುಮಾರು 17 ಪಟ್ಟು ಬಲ ಬೀಳುತ್ತದೆ. ಆರು ಕಿಲೋ ಮಗು ಆ ಕ್ಷಣದಲ್ಲಿ ನೂರು ಕಿಲೋ ಭಾರವಾಗಿ ಮುಂದಕ್ಕೆ ಎಳೆಯುತ್ತದೆ. ಇಷ್ಟನ್ನು ಹಿಡಿದಿಡುವ ತೋಳು ಯಾರಿಗೂ ಇಲ್ಲ. ನಮ್ಮ ಹೊಸ ಹೆದ್ದಾರಿಯಲ್ಲಂತೂ ಕಾರುಗಳು ನೂರರ ವೇಗದಲ್ಲಿ ಮಂಡ್ಯ ದಾಟುತ್ತವೆ.

ಕಾನೂನಿಗೂ ಈ ವಿಷಯ ಗೊತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಕರೆದೊಯ್ದರೆ 1,000 ರೂಪಾಯಿ ದಂಡ. ಹಾಗಾಗಿ ಈಚೆಗೆ ಸೀಟು ಕೊಳ್ಳುವವರು ಹೆಚ್ಚುತ್ತಿದ್ದಾರೆ, ಸಂತೋಷ. ಆದರೆ ಕೊಂಡವರಲ್ಲೂ ಬಹಳ ಮಂದಿ ಅದು ಎಷ್ಟು ಒರಗಿರಬೇಕು ಎಂದು ಯೋಚಿಸುವುದೇ ಇಲ್ಲ. ಮಲಗಿಸಿದಷ್ಟೂ ಮಗುವಿಗೆ ಹಾಯಿ ಎಂದುಕೊಳ್ಳುತ್ತಾರೆ. ಆ ಕೋನದೊಳಗೆ ಎಂಥ ಸೊಗಸಾದ ಭೌತವಿಜ್ಞಾನ ಅಡಗಿದೆ ಎಂಬುದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಮೊದಲು, ಎಳೆಯ ಮಗುವಿನ ಸೀಟು ಕಾರಿನ ಹಿಂಬದಿಗೆ ಮುಖ ಮಾಡಿರುವುದೇಕೆ? ಸಿಟಿ ಬಸ್ಸಿನಲ್ಲಿ ಚಾಲಕನ ಹಿಂದಿನ ತಡಿಕೆಗೆ ಬೆನ್ನು ಕೊಟ್ಟು ಕುಳಿತವರನ್ನು ನೋಡಿ. ಬ್ರೇಕ್ ಬಿದ್ದಾಗ ಉಳಿದವರೆಲ್ಲ ಮುಗ್ಗರಿಸುತ್ತಾರೆ, ಅವರು ತಡಿಕೆಗೆ ಒತ್ತಿಕೊಳ್ಳುತ್ತಾರೆ, ಅಷ್ಟೇ. ಬಲ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ 1954ರ ಡಿಸೆಂಬರಿನಲ್ಲಿ ರಾಕೆಟ್ ಬಂಡಿಯ ಮೇಲೆ ಗಂಟೆಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡಿ, ಒಂದೂವರೆ ಸೆಕೆಂಡಿನೊಳಗೆ ನಿಂತರು. ಗುರುತ್ವದ 46 ಪಟ್ಟು ಬಲವನ್ನು ತಾಳಿಕೊಂಡು ಬದುಕಿದರು, ಆದರೆ ಮುಖ ಮುಂದಕ್ಕಿದ್ದ ಆ ಓಟದಲ್ಲಿ ಅವರ ಕಣ್ಣುಗಳಿಗೆ ರಕ್ತ ನುಗ್ಗಿ ಕೆಲಕಾಲ ದೃಷ್ಟಿಯೇ ಹೋಗಿತ್ತು. ವಿಮಾನದಲ್ಲಿ ಪ್ರಯಾಣಿಕರು ಹಿಂದಕ್ಕೆ ಮುಖ ಮಾಡಿ ಕೂರಬೇಕೆಂದು ವಾದಿಸಿದವರು ಇದೇ ಸ್ಟ್ಯಾಪ್. ಮುಂದೆ ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್, ಅಮೆರಿಕದ ಜೆಮಿನಿ ಬಾಹ್ಯಾಕಾಶ ನೌಕೆಯ ಗಗನಯಾತ್ರಿಗಳು ರಾಕೆಟ್ಟಿನ ನೂಕುವಿಕೆಯನ್ನು ಬೆನ್ನಿನ ಮೇಲೆ ತಾಳಿಕೊಳ್ಳುವ ರೀತಿಯನ್ನು ಕಂಡು, 1964ರಲ್ಲಿ ಮಕ್ಕಳಿಗಾಗಿ ಮೊದಲ ಹಿಮ್ಮುಖ ಸೀಟಿನ ಮಾದರಿ ಮಾಡಿದರು. ಬಾಹ್ಯಾಕಾಶಕ್ಕೆ ಹೊರಟವರ ಆಸನ ನಮ್ಮ ಕೂಸಿನ ಆಸನಕ್ಕೆ ದಾರಿ ತೋರಿಸಿದ್ದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಮಗುವಿಗೆ ಇದರ ಅಗತ್ಯ ದೊಡ್ಡವರಿಗಿಂತ ಹೆಚ್ಚು. ಹುಟ್ಟಿದಾಗ ತಲೆಯೇ ದೇಹದ ಉದ್ದದ ಕಾಲು ಭಾಗ ಇರುತ್ತದೆ. ಅದನ್ನು ಹೊತ್ತ ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ. ತುಣುಕುಗಳು ಮೃದ್ವಸ್ಥಿಯಿಂದ ಅಂಟಿಕೊಂಡಿರುತ್ತವೆ, ಬೆಸೆದುಕೊಳ್ಳಲು ವರ್ಷಗಳೇ ಬೇಕು.

ಈಗ ಕೋನಕ್ಕೆ ಬರೋಣ. ಡಿಕ್ಕಿಯ ಬಲ ನೆಲಕ್ಕೆ ಸಮಾನಾಂತರವಾಗಿ ಬರುತ್ತದೆ, ಗುರುತ್ವ ಕೆಳಕ್ಕೆ ಎಳೆಯುತ್ತದೆ. ಸೀಟಿನ ಬೆನ್ನು ನೆಟ್ಟಗಿದ್ದರೆ ಡಿಕ್ಕಿಯ ಬಲವೆಲ್ಲ ಮಗುವನ್ನು ಬೆನ್ನಿಗೆ ಒತ್ತುತ್ತದೆ. ಒರಗಿದಂತೆಲ್ಲ ಆ ಬಲ ಎರಡಾಗಿ ಒಡೆಯುತ್ತದೆ: ಒಂದು ಪಾಲು ಒತ್ತುತ್ತದೆ, ಇನ್ನೊಂದು ಪಾಲು ಮಗುವನ್ನು ಬೆನ್ನಿನುದ್ದಕ್ಕೂ ತಲೆಯ ಕಡೆಗೆ ಜಾರಿಸುತ್ತದೆ. ಲಂಬಕ್ಕೆ 45 ಡಿಗ್ರಿ ಒರಗಿದಾಗ ಎರಡು ಪಾಲೂ ಸಮ. ಮೇಲೆ ಹೇಳಿದ ನೂರು ಕಿಲೋ ಭಾರದಲ್ಲಿ ಎಪ್ಪತ್ತೊಂದು ಕಿಲೋ ಒತ್ತಿದರೆ ಎಪ್ಪತ್ತೊಂದು ಕಿಲೋ ಜಾರಿಸುತ್ತದೆ. ಕೂಡಿದರೆ ನೂರಕ್ಕಿಂತ ಹೆಚ್ಚಾಯಿತಲ್ಲ ಎನ್ನಬೇಡಿ, ಲಂಬಕೋನದಲ್ಲಿರುವ ಬಲಗಳ ಲೆಕ್ಕ ಪೈಥಾಗೊರಸನದು. 30 ಡಿಗ್ರಿಗೆ ಎತ್ತಿದರೆ ಒತ್ತುವ ಪಾಲು ಎಂಬತ್ತೇಳಕ್ಕೆ ಏರುತ್ತದೆ, ಜಾರಿಸುವ ಪಾಲು ಐವತ್ತಕ್ಕೆ ಇಳಿಯುತ್ತದೆ. ಜಾರುವಿಕೆಯನ್ನು ತಡೆಯಬೇಕಾದದ್ದು ಮಗುವಿನ ಹೆಗಲ ಮೇಲಿನ ಎರಡು ಪಟ್ಟಿಗಳು. ಹದಿನೈದು ಡಿಗ್ರಿ ಎತ್ತಿದ್ದರಿಂದ ಎಳೆಯ ಹೆಗಲಿಗೆ ಎಷ್ಟು ಹೊರೆ ತಪ್ಪಿತು ನೋಡಿ!

ಹಾಗಾದರೆ ಎಲ್ಲ ಮಕ್ಕಳನ್ನೂ ನೆಟ್ಟಗೆ ಕೂರಿಸಬಾರದೇಕೆ? ಗುರುತ್ವ ಬಿಡುವುದಿಲ್ಲ. ಕತ್ತು ನಿಲ್ಲದ ಮಗುವನ್ನು ನೆಟ್ಟಗೆ ಕೂರಿಸಿದರೆ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗುತ್ತದೆ, ಶ್ವಾಸದ ದಾರಿ ಮಡಚಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಕ್ತದ ಹರಿವನ್ನು ಅರಿಯಲು ಸಣ್ಣ ಗಾಜಿನ ನಳಿಕೆಗಳನ್ನು ಹಿಡಿದು ಕುಳಿತ ಫ್ರೆಂಚ್ ವೈದ್ಯ ಪ್ವಾಝೆಯ್ ಕಂಡುಕೊಂಡ ನಿಯಮ ಇಲ್ಲಿ ಭಯ ಹುಟ್ಟಿಸುತ್ತದೆ: ನಳಿಕೆಯ ತ್ರಿಜ್ಯ ಅರ್ಧವಾದರೆ ತಡೆ ಹದಿನಾರು ಪಟ್ಟು. ಕೆಲವೇ ಮಿಲಿಮೀಟರ್ ಅಗಲದ ದಾರಿಗೆ ಒಂದು ಮಿಲಿಮೀಟರ್ ಕಿರಿದಾಗುವುದೂ ದೊಡ್ಡ ನಷ್ಟ. ಆದ್ದರಿಂದಲೇ ನವಜಾತ ಶಿಶುವಿಗೆ 45 ಡಿಗ್ರಿಯ ಆಸುಪಾಸು. ಕತ್ತು ಗಟ್ಟಿಯಾಗಿ ನಿಂತ ಮೇಲೆ, ಸೀಟಿನ ಕೈಪಿಡಿ ಒಪ್ಪುವಷ್ಟು, ನೆಟ್ಟಗೆ. ಅನೇಕ ಸೀಟುಗಳ ಪಕ್ಕದಲ್ಲಿ ಕೋನ ತೋರಿಸಲೆಂದೇ ಗೆರೆಯೋ ರಸಮಟ್ಟದಂಥ ಗುಳ್ಳೆಯೋ ಇರುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ವೈದ್ಯರನ್ನು ಕೇಳಿಯೇ ಕೂರಿಸಿ. ಮದ್ದೂರಿನಲ್ಲಿ ವಡೆಗೆ ನಿಲ್ಲಿಸುವವರು ಮಗುವನ್ನೂ ಸೀಟಿನಿಂದ ಎತ್ತಿಕೊಳ್ಳಿ.

ತೊಡಕು ಬರುವುದು ಕಾರು ಬದಲಾದಾಗ. ತಾತನ ಕಾರಿನಲ್ಲಿ ಸರಿಯಾಗಿ ಕೂತ ಸೀಟು ಅಳಿಯನ ಕಾರಿನಲ್ಲಿ ಬೇರೆ ಕೋನಕ್ಕೆ ಬರುತ್ತದೆ. ಮಗುವಿನ ತಲೆಯಿರುವುದು ಕಾರಿನ ಮುಂಬದಿಗೆ ಎಂಬುದನ್ನು ನೆನಪಿಡಿ. ಕಾರಿನ ಸೀಟಿನ ಮೆತ್ತೆಯ ಮುಂದಿನ ಅಂಚು ಎತ್ತರವಿದ್ದು ಹಿಂಬದಿಗೆ ಇಳಿಜಾರಾಗಿದ್ದರೆ ಮಗುವಿನ ಸೀಟು ಹೆಚ್ಚು ನೆಟ್ಟಗಾಗುತ್ತದೆ. ಮೆತ್ತೆ ಸಮತಟ್ಟಾಗಿದ್ದರೆ ಹೆಚ್ಚು ಒರಗುತ್ತದೆ. ನವಜಾತ ಶಿಶುವಿಗೆ ತೀರಾ ನೆಟ್ಟಗಾದರೆ ಮೆತ್ತೆಯೂ ಬೆನ್ನೂ ಕೂಡುವ ಸಂದಿಯಲ್ಲಿ ಬಿಗಿಯಾಗಿ ಸುತ್ತಿದ ಟವೆಲ್ ಇಡಬಹುದು, ಕೈಪಿಡಿ ಅನುಮತಿಸಿದರೆ ಮಾತ್ರ. ದೊಡ್ಡ ಮಗುವಿಗೆ ತೀರಾ ಒರಗಿದ್ದರೆ, ಮೊದಲು ಸೀಟಿನ ಬುಡದಲ್ಲಿರುವ ಒರಗು ಹೊಂದಾಣಿಕೆಯನ್ನು ನೆಟ್ಟಗಿನ ಸ್ಥಾನಕ್ಕೆ ತನ್ನಿ. ಆಮೇಲೆ ಇಬ್ಬರು ಸೇರಿ: ಒಬ್ಬರು ಸೀಟಿನ ತಲೆಭಾಗವನ್ನು ಎತ್ತಿ ಹಿಡಿದು, ಕಾಲಿನ ಭಾಗವನ್ನು ಸಂದಿಯೊಳಕ್ಕೆ ಅದುಮಬೇಕು, ಇನ್ನೊಬ್ಬರು ಬೆಲ್ಟಿನ ಸಡಿಲವನ್ನು ಎಳೆದು ಬಿಗಿಮಾಡಬೇಕು. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಕೂಡದು. ನೆಲಕ್ಕೆ ಊರುವ ಆಧಾರಗಾಲು ಇರುವ ಸೀಟಾದರೆ, ಕಾರಿನ ನೆಲದಡಿ ಸಾಮಾನಿನ ಪೆಟ್ಟಿಗೆ ಇದೆಯೇ ನೋಡಿ, ಟೊಳ್ಳು ಮುಚ್ಚಳದ ಮೇಲೆ ಕಾಲೂರಿದರೆ ಅದು ಆಧಾರವಲ್ಲ.

ಕೋನ ಅಳೆಯುವಾಗ ಕಾರು ಮಟ್ಟಸ ನೆಲದ ಮೇಲಿರಲಿ. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ನಿಲ್ಲಿಸಿ ಅಳೆದರೆ ಗೆರೆ ಸುಳ್ಳು ಹೇಳುತ್ತದೆ. ಗಾರೆ ಕೆಲಸದವರ ರಸಮಟ್ಟವನ್ನು ಕೇಳಿ ತರಬಹುದು, ಮೊಬೈಲಿನಲ್ಲೂ ಅಂಥ ಸಾಧನವಿದೆ. ಮುಂದಿನ ಸೀಟಿನಲ್ಲಿ, ಗಾಳಿಚೀಲ (ಏರ್‌ಬ್ಯಾಗ್) ಚಾಲೂ ಇರುವಾಗ, ಹಿಮ್ಮುಖ ಸೀಟನ್ನು ಎಂದೂ ಇಡಕೂಡದು. ಉಬ್ಬುವ ಚೀಲ ಮಗುವಿನ ತಲೆಯ ಹಿಂದಿರುವ ಸೀಟಿನ ಚಿಪ್ಪಿಗೇ ಬಡಿಯುತ್ತದೆ.

ನೆಟ್ಟಗೆ ಮಾಡಿದರೆ ಮುಂದೆ ಕೂರುವವರ ಮೊಣಕಾಲಿಗೂ ಜಾಗ ಸಿಗುತ್ತದೆ. ಚಿಕ್ಕ ಕಾರುಗಳಲ್ಲಿ ಇದೇ ಕಾರಣಕ್ಕೆ ಮಗುವನ್ನು ಬೇಗ ಮುಂದಕ್ಕೆ ತಿರುಗಿಸುವವರಿದ್ದಾರೆ. ಯುರೋಪಿನಲ್ಲಿ ಬಳಕೆಯಲ್ಲಿರುವ ಆರ್‌129 ನಿಯಮ 15 ತಿಂಗಳವರೆಗೆ ಹಿಮ್ಮುಖವೇ ಇರಬೇಕೆನ್ನುತ್ತದೆ, ಅದಕ್ಕಿಂತ ಹೆಚ್ಚು ಕಾಲ ಇದ್ದರೆ ಇನ್ನೂ ಒಳ್ಳೆಯದು. ಕಾಲು ಸೀಟಿಗೆ ತಾಗುತ್ತದೆ, ಮಡಚಿಕೊಂಡು ನೋಯುತ್ತದೆ ಎಂದು ಹಿರಿಯರು ಮರುಗುತ್ತಾರೆ. ಆ ವಯಸ್ಸಿನ ಮಗು ಮನೆಯಲ್ಲೂ ಕಾಲು ಮಡಚಿಯೇ ಕೂರುತ್ತದೆ. ತಿರುಗಿಸುವ ಹೊತ್ತನ್ನು ಹೇಳುವುದು ಸೀಟಿನ ಮೇಲೆ ಬರೆದ ತೂಕ ಮತ್ತು ಎತ್ತರದ ಮಿತಿ.