ಲಕೋಟೆಯ ಎಡಬದಿಯ ಡೈನೋಸಾರ್

1989ರ ಅಕ್ಟೋಬರ್ 1ರಂದು ಅಮೆರಿಕದ ಅಂಚೆ ಇಲಾಖೆ 25 ಸೆಂಟ್ ಬೆಲೆಯ ನಾಲ್ಕು ಅಂಚೆಚೀಟಿಗಳನ್ನು ಹೊರತಂದಿತು: ಟೈರನೊಸಾರಸ್, ಸ್ಟೆಗೊಸಾರಸ್, ಟೆರನೊಡಾನ್, ಬ್ರಾಂಟೊಸಾರಸ್. ಅದರ ಬೆನ್ನಿಗೇ ತಕರಾರು ಎದ್ದಿತು. ಟೆರನೊಡಾನ್ ಡೈನೋಸಾರ್ ಅಲ್ಲ, ಹಾರುವ ಸರೀಸೃಪ. ಬ್ರಾಂಟೊಸಾರಸ್ ಎಂಬ ಹೆಸರಂತೂ ವಿಜ್ಞಾನದಲ್ಲಿ ಚಲಾವಣೆ ಕಳೆದುಕೊಂಡು ದಶಕಗಳೇ ಆಗಿದ್ದವು. 1903ರಲ್ಲೇ ಪಳೆಯುಳಿಕೆ ತಜ್ಞ ಎಲ್ಮರ್ ರಿಗ್ಸ್ ಅದನ್ನು ಅಪಟೊಸಾರಸ್‌ನೊಳಗೆ ಸೇರಿಸಿದ್ದರು. ಆದರೆ 2015ರಲ್ಲಿ ಮೂಳೆಗಳನ್ನು ಮತ್ತೆ ಹೋಲಿಸಿ ನೋಡಿದ ಸಂಶೋಧಕರು ಇವೆರಡೂ ಬೇರೆ ಬೇರೆ ಕುಲಗಳೇ ಎಂದು ವಾದಿಸಿ ಹಳೆಯ ಹೆಸರಿಗೆ ಮರುಜೀವ ಕೊಟ್ಟರು.

ಈ ಚೀಟಿಗಳನ್ನು ಅಂಟಿಸಿ, ಬಿಡುಗಡೆಯ ದಿನದ ಮುದ್ರೆ ಹಾಕಿಸಿ, ಎಡಬದಿಯಲ್ಲಿ ಕಲಾವಿದರು ಕುಂಚದಿಂದ ಪ್ರಾಣಿಯನ್ನು ಬರೆದ ಲಕೋಟೆಗಳಿವೆ. ನನ್ನ ಜೀವ ಇರುವುದು ಅವುಗಳಲ್ಲಿ. ಎಡಬದಿಯ ಆ ಚಿತ್ರಕ್ಕೆ ಸಂಗ್ರಾಹಕರು ಕ್ಯಾಷೆ ಎನ್ನುತ್ತಾರೆ. 1923ರಲ್ಲಿ ಜಾರ್ಜ್ ಲಿನ್ ಅಮೆರಿಕದ ಅಧ್ಯಕ್ಷ ಹಾರ್ಡಿಂಗ್ ನೆನಪಿನ ಚೀಟಿಗಾಗಿ ಮುದ್ರಿಸಿದ ಲಕೋಟೆಯಿಂದ ಈ ಪದ್ಧತಿ ಆರಂಭವಾಯಿತು ಎಂಬುದು ಸಾಮಾನ್ಯ ಅಭಿಪ್ರಾಯ. ಒಂದೊಂದನ್ನೂ ಕೈಯಿಂದಲೇ ಬರೆಯುವ ಕಲೆಗೆ ಮುಂದೆ ಡೊರೊಥಿ ನ್ಯಾಪ್ ಅವರಂಥ ಕಲಾವಿದರು ಮರ್ಯಾದೆ ತಂದುಕೊಟ್ಟರು.

ಚಿಕ್ಕ ಲಕೋಟೆ ಹದಿನಾರೂವರೆ ಸೆಂಟಿಮೀಟರ್ ಅಗಲವಷ್ಟೇ. ಅದರ ಅರ್ಧದಲ್ಲಿ ಹತ್ತಾರು ಟನ್ ತೂಕದ ಪ್ರಾಣಿಯನ್ನು ನಿಲ್ಲಿಸಬೇಕು. ಕಾಗದ ತೆಳು; ನೀರು ಹೆಚ್ಚಾದರೆ ಸುಕ್ಕುಗಟ್ಟುತ್ತದೆ. ಆದರೆ ಕುಂಚಕ್ಕಿಂತ ಮೊದಲು ಎದುರಾಗುವ ಪ್ರಶ್ನೆ ಬೇರೆ: ಬಾಲ ಎಲ್ಲಿರಬೇಕು? ಚರ್ಮದ ಬಣ್ಣ ಯಾವುದು?

ಬಾಲದ ಕಥೆ ದೊಡ್ಡದು. ಯೇಲ್ ವಿಶ್ವವಿದ್ಯಾಲಯದ ಪೀಬಡಿ ಸಂಗ್ರಹಾಲಯದ ಗೋಡೆಯ ಮೇಲೆ ರುಡಾಲ್ಫ್ ಝಾಲಿಂಗರ್ 1947ರಲ್ಲಿ ಮುಗಿಸಿದ 110 ಅಡಿ ಉದ್ದದ ಚಿತ್ರದಲ್ಲಿ ಡೈನೋಸಾರ್‌ಗಳು ಬಾಲವನ್ನು ನೆಲಕ್ಕೆ ಇಳಿಬಿಟ್ಟ ನಿಧಾನಿಗಳು. 1970ರ 6 ಸೆಂಟ್ ಚೀಟಿಗೆ ಆ ಚಿತ್ರದ ಒಂದು ಭಾಗವನ್ನೇ ಬಳಸಿದರು. ಆದರೆ ಡೈನೋಸಾರ್‌ಗಳ ಹೆಜ್ಜೆ ಗುರುತುಗಳ ನಡುವೆ ಬಾಲ ಎಳೆದ ಗೀರು ಸಿಗುವುದು ಬಹಳ ಅಪರೂಪ. ದೇಹದ ಮುಂಭಾಗದ ಭಾರಕ್ಕೆ ಸಮತೂಕವಾಗಿ ಬಾಲ ಗಾಳಿಯಲ್ಲಿ ನಿಲ್ಲುತ್ತಿತ್ತು ಎಂಬುದು ಈಗಿನ ತಿಳಿವು. ಹಾಗಾಗಿ ಲಕೋಟೆ ಕೈಗೆ ಬಂದಾಗ ನಾನು ಮೊದಲು ನೋಡುವುದು ಬಾಲವನ್ನು. ಪಕ್ಕದಲ್ಲೇ ದಿನಾಂಕದ ಮುದ್ರೆ ಇರುತ್ತದಲ್ಲ, ಕಲಾವಿದರು ಆಗಿನ ಹೊಸ ವಿಜ್ಞಾನವನ್ನು ಓದಿಕೊಂಡಿದ್ದರೋ ಇಲ್ಲವೋ ಎಂಬುದು ತಿಳಿದುಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯ ಲಕೋಟೆಯ ಖಾಲಿ ಜಾಗದಲ್ಲಿ ಎಷ್ಟೋ ವರ್ಷಗಳ ನಂತರ ಚಿತ್ರ ಬರೆಯುವುದೂ ಉಂಟು. ಆಗ ಮುದ್ರೆಯ ದಿನಾಂಕ ಚಿತ್ರದ ದಿನಾಂಕವಲ್ಲ. ಬಣ್ಣ ಮುದ್ರೆಯ ಶಾಯಿಯ ಮೇಲೆ ಕೂತಿದೆಯೋ, ಶಾಯಿ ಬಣ್ಣದ ಮೇಲೆ ಬಿದ್ದಿದೆಯೋ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಮುದ್ರಿಸಿದ ಗೆರೆಗಳೊಳಗೆ ಬಣ್ಣ ತುಂಬಿದ್ದನ್ನೂ ಪೂರ್ತಿ ಕೈಯಿಂದ ಬರೆದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೈಯ ಜಲವರ್ಣದಲ್ಲಿ ಬಣ್ಣ ಅಂಚಿಗೆ ಹರಿದು ಗಾಢವಾಗಿ ಒಣಗಿರುತ್ತದೆ. ಅಚ್ಚಿನಲ್ಲಿ ಸಾಮಾನ್ಯವಾಗಿ ಚುಕ್ಕಿಗಳು ಕಾಣುತ್ತವೆ. ಬಿಸಿಲು ಮತ್ತು ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಹಾಳೆಗಳಿಂದ ಇವನ್ನು ದೂರ ಇಡಲೇಬೇಕು.

ಬಣ್ಣದ ವಿಷಯದಲ್ಲಿ ಕಲಾವಿದರಿಗೆ ಬಹುಕಾಲ ಪೂರ್ಣ ಸ್ವಾತಂತ್ರ್ಯವಿತ್ತು. 2010ರಲ್ಲಿ ಅದು ಸ್ವಲ್ಪ ಮೊಟಕಾಯಿತು. ಚೀನಾದ ಪುಟ್ಟ ಡೈನೋಸಾರ್ ಸೈನೊಸಾರಾಪ್ಟೆರಿಕ್ಸ್‌ನ ಪಳೆಯುಳಿಕೆಯಲ್ಲಿ ಮೆಲನೊಸೋಮ್ ಎಂಬ ಬಣ್ಣದ ಕಣಗಳನ್ನು ಗುರುತಿಸಿದ ವಿಜ್ಞಾನಿಗಳು, ಅದರ ಬಾಲದಲ್ಲಿ ಕೆಂಗಂದು ಮತ್ತು ತಿಳಿಬಣ್ಣದ ಪಟ್ಟೆಗಳಿದ್ದವು ಎಂದರು.

1996ರ ಜೂನ್ 8ರಂದು ಕೆನಡಾದ ಟೊರೊಂಟೊದಲ್ಲಿ ಬಿಡುಗಡೆಯಾದ ಅಮೆರಿಕದ 32 ಸೆಂಟ್‌ನ ಚೀಟಿಗಳಲ್ಲಿ ಕುದುರೆಯ ಪುರಾತನ ಬಂಧು ಇಯೊಹಿಪ್ಪಸ್, ಆನೆಯ ಬಂಧುಗಳಾದ ಉಣ್ಣೆ ಮ್ಯಾಮತ್ ಮತ್ತು ಮಾಸ್ಟೊಡಾನ್, ಕತ್ತಿಹಲ್ಲಿನ ಬೆಕ್ಕು ಇವೆ. ಮ್ಯಾಮತ್ ಬರೆಯುವವರಿಗೆ ಹಿಮನೆಲದಲ್ಲಿ ಸಿಕ್ಕ ಕೂದಲಿನ ಆಸರೆ ಇತ್ತು. ಬೆಕ್ಕಿಗೆ ಮೂಳೆಯಷ್ಟೇ ಆಧಾರ. ಸಿಂಹದ ಬಣ್ಣವೋ ಚಿರತೆಯ ಚುಕ್ಕೆಯೋ, ಕುಂಚ ಹಿಡಿದವರ ಇಷ್ಟ. 2024ರಲ್ಲಿ ರಷ್ಯಾದ ಯಾಕುಟಿಯಾದ ಹಿಮನೆಲದಿಂದ ಬಂದ, ಸುಮಾರು ಮೂರು ವಾರದ ಹೋಮೊಥೀರಿಯಂ ಮರಿಯ ದೇಹದ ವಿವರ ಪ್ರಕಟವಾಯಿತು. ಅದೂ ಕತ್ತಿಹಲ್ಲಿನ ಬೆಕ್ಕುಗಳ ಬಳಗದ್ದೇ. ಮೈತುಂಬ ಕಡುಕಂದು ತುಪ್ಪಳ, ಚುಕ್ಕೆ ಇಲ್ಲ. ಬೆಳೆದ ಮೇಲೆ ಅದರ ಮೈಬಣ್ಣ ಹೇಗಿರುತ್ತಿತ್ತು ಎಂಬುದನ್ನು ಕಲಾವಿದರು ಇನ್ನೂ ಊಹಿಸಿಯೇ ಬರೆಯಬೇಕು.