ಓದುಗರ ಪ್ರಶ್ನೆ: ಜನರಿಗಿಂತ ಬಂದೂಕುಗಳೇ ಹೆಚ್ಚಿರುವ ಅಮೆರಿಕದಲ್ಲಿ ಇನ್ನು ನಿಯಂತ್ರಣ ಸಾಧ್ಯವೇ?

ಇರುವ ಬಂದೂಕುಗಳನ್ನೆಲ್ಲ ವಾಪಸ್ ಪಡೆಯುವುದನ್ನೇ ನಿಯಂತ್ರಣ ಎನ್ನುವುದಾದರೆ, ಸಾಧ್ಯವಿಲ್ಲ. ಬಂದೂಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಹೊತ್ತಿನಲ್ಲಿ ತಡೆಯುವುದಾದರೆ, ಸಾಧ್ಯ.

ಮೊದಲನೆಯದು ಏಕೆ ಆಗದು? 2017ರ ಅಂದಾಜಿನಂತೆ ಅಮೆರಿಕದ ನಾಗರಿಕರ ಬಳಿ 39.3 ಕೋಟಿ ಬಂದೂಕುಗಳಿದ್ದವು. 100 ಜನರಿಗೆ 120. 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಆಸ್ಟ್ರೇಲಿಯಾ ಹಣ ಕೊಟ್ಟು ಹಿಂಪಡೆದದ್ದು ಸುಮಾರು 6.5 ಲಕ್ಷ. ಅಮೆರಿಕದ ಲೆಕ್ಕದಲ್ಲಿ ಅದು ಸಾವಿರಕ್ಕೆ ಎರಡೂ ಅಲ್ಲ. ಯಾರ ಮನೆಯಲ್ಲಿ ಏನಿದೆ ಎಂಬ ಪಟ್ಟಿಯೂ ಕೇಂದ್ರ ಸರ್ಕಾರದ ಬಳಿ ಇಲ್ಲ. ಅಂಥ ಪಟ್ಟಿ ಮಾಡುವುದನ್ನು 1986ರ ಕಾನೂನೇ ನಿಷೇಧಿಸಿದೆ. ಅಪರಾಧದಲ್ಲಿ ಬಂದೂಕು ಸಿಕ್ಕರೆ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಪತ್ತೆ ಕೇಂದ್ರದವರು ಮೊದಲು ತಯಾರಕರನ್ನು, ಆಮೇಲೆ ಸಗಟು ವ್ಯಾಪಾರಿಯನ್ನು, ಕೊನೆಗೆ ಅಂಗಡಿಯವನನ್ನು ವಿಚಾರಿಸಬೇಕು. ಜಾಡು ಸಾಮಾನ್ಯವಾಗಿ ಮೊದಲ ಗಿರಾಕಿಯಲ್ಲೇ ನಿಲ್ಲುತ್ತದೆ.

ಆದರೂ ನಿಯಂತ್ರಣ ನಡೆಯುತ್ತದೆ ಎನ್ನಲು ಅಮೆರಿಕದಲ್ಲೇ ಸಾಕ್ಷಿಯಿದೆ: ಮಷಿನ್ ಗನ್. 1934ರಲ್ಲಿ ಅದಕ್ಕೆ ನೋಂದಣಿ ಮತ್ತು 200 ಡಾಲರ್ ತೆರಿಗೆ ಕಡ್ಡಾಯವಾಯಿತು. 1986ರಿಂದ ಹೊಸದನ್ನು ನಾಗರಿಕರಿಗೆ ಮಾರುವಂತಿಲ್ಲ. ಹಳೆಯವು ಈಗ ಹತ್ತಾರು ಸಾವಿರ ಡಾಲರ್ ಬಾಳುತ್ತವೆ, ಅಪರಾಧದಲ್ಲಿ ಕಾಣಸಿಗುವುದೇ ಅಪರೂಪ. 1994ರ 'ಅಸಾಲ್ಟ್ ವೆಪನ್' (ಸೇನಾ ಮಾದರಿಯ ಅರೆ-ಸ್ವಯಂಚಾಲಿತ ಬಂದೂಕು) ನಿಷೇಧದ ಕಥೆ ಬೇರೆ. ಆಗಲೇ ಇದ್ದ ರೈಫಲ್‌ಗಳಿಗೆ, ಮ್ಯಾಗಜಿನ್ ಎಂಬ ಗುಂಡು ತುಂಬುವ ಡಬ್ಬಿಗಳಿಗೆ ವಿನಾಯಿತಿ ಸಿಕ್ಕಿತು. ಕಂಪನಿಗಳು ಬಯೋನೆಟ್ (ಬಂದೂಕಿನ ತುದಿಯ ಚೂರಿ) ಸಿಕ್ಕಿಸುವ ಕೊಂಡಿಯಂಥ ಒಂದೆರಡು ಭಾಗ ಕಳಚಿ ಹೆಚ್ಚುಕಡಿಮೆ ಅದೇ ರೈಫಲ್ ಮಾರಿದವು. 2004ರಲ್ಲಿ ಕಾನೂನಿನ ಅವಧಿಯೇ ಮುಗಿಯಿತು.

ಈಗಿನ ಮುಖ್ಯ ತಡೆಯೆಂದರೆ ಹಿನ್ನೆಲೆ ತಪಾಸಣೆ. ಗಿರಾಕಿ 4473 ನಮೂನೆ ತುಂಬಬೇಕು, ಅಂಗಡಿಯವನು ಎಫ್‌ಬಿಐ ವ್ಯವಸ್ಥೆಯಲ್ಲಿ ಹೆಸರು ಪರಿಶೀಲಿಸಬೇಕು. (ಎಚ್-1ಬಿ ವೀಸಾದಲ್ಲಿರುವವರು ಬಂದೂಕು ಕೊಳ್ಳುವಂತಿಲ್ಲ, ಬೇಟೆ ಪರವಾನಗಿ ಇದ್ದವರಿಗೆ ಮತ್ತು ಇನ್ನು ಕೆಲವರಿಗಷ್ಟೇ ವಿನಾಯಿತಿ. ಅಲ್ಲಿರುವ ಕನ್ನಡಿಗರು ಇದನ್ನು ತಿಳಿದಿರುವುದು ಒಳ್ಳೆಯದು.) ಈ ತಪಾಸಣೆಯಲ್ಲಿ ಎರಡು ತೂತುಗಳಿವೆ. ಪರವಾನಗಿ ಬೇಕಿಲ್ಲದ ಖಾಸಗಿ ಮಾರಾಟಗಾರ ತಪಾಸಣೆ ಮಾಡಬೇಕೆಂದು ಕೇಂದ್ರ ಕಾನೂನು ಹೇಳುವುದಿಲ್ಲ. ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಅಂಗಡಿಯವನು ಬಂದೂಕು ಕೊಟ್ಟುಬಿಡಬಹುದು. 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನಿಗೆ ಪಿಸ್ತೂಲು ಸಿಕ್ಕಿದ್ದು ಹೀಗೆಯೇ. 2022ರಲ್ಲಿ ಈ ಗಡುವನ್ನು 21 ವರ್ಷದೊಳಗಿನವರ ಮಟ್ಟಿಗೆ 10 ಕೆಲಸದ ದಿನಗಳವರೆಗೆ ಹಿಗ್ಗಿಸಲಾಯಿತು.

ಕೊಳ್ಳುವ ಮೊದಲೇ ಪರ್ಮಿಟ್ ಪಡೆಯಬೇಕೆಂಬ ರಾಜ್ಯ ಕಾನೂನು ಇದಕ್ಕಿಂತ ಗಟ್ಟಿ. ಕನೆಕ್ಟಿಕಟ್ 1995ರಲ್ಲಿ ಪಿಸ್ತೂಲುಗಳಿಗೆ ಅದನ್ನು ತಂದಿತು, ಮಿಸೌರಿ 2007ರಲ್ಲಿ ತನ್ನದನ್ನು ರದ್ದು ಮಾಡಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರ ಲೆಕ್ಕದಲ್ಲಿ ಬಂದೂಕು ಕೊಲೆಗಳು ಮೊದಲನೆಯದರಲ್ಲಿ ಇಳಿದವು, ಎರಡನೆಯದರಲ್ಲಿ ಏರಿದವು. ಎಷ್ಟು ಎಂಬ ಬಗ್ಗೆ ವಾದವಿದೆ. ಕಾರಣ ಮಾತ್ರ ಸರಳ: ಬೇರೆಯವರಿಗಾಗಿ ತನ್ನ ಹೆಸರಲ್ಲಿ ಕೊಳ್ಳಲು ಹೊರಟವನು ಪೊಲೀಸರ ಮುಂದೆ ಹೋಗಿ ಬೆರಳಚ್ಚು ಕೊಡಲು ಹಿಂಜರಿಯುತ್ತಾನೆ.

ಮನೆಯಲ್ಲಿ ಈಗಾಗಲೇ ಇರುವ ಬಂದೂಕಿನ ಪಾಡೇನು? 2021ರಲ್ಲಿ ಗುಂಡಿಗೆ ಸತ್ತ 48,830 ಜನರಲ್ಲಿ 26,328 ಜನರದ್ದು ಆತ್ಮಹತ್ಯೆ. ಸುದ್ದಿಯಲ್ಲಿ ಬರುವುದು ಸಾಮೂಹಿಕ ಹತ್ಯೆ, ಲೆಕ್ಕದಲ್ಲಿ ದೊಡ್ಡದು ಇದು. ಇಂಥ ಆತ್ಮಹತ್ಯೆ, ಹತ್ಯೆ ಎರಡನ್ನೂ ತಡೆಯಲು 20ಕ್ಕೂ ಹೆಚ್ಚು ರಾಜ್ಯಗಳಲ್ಲಿ 'ರೆಡ್ ಫ್ಲ್ಯಾಗ್' ಕಾನೂನು ಇದೆ: ಅಪಾಯ ಕಂಡರೆ ಪೊಲೀಸರು, ಹಲವೆಡೆ ಮನೆಯವರೂ, ಅರ್ಜಿ ಹಾಕಬಹುದು. ನ್ಯಾಯಾಲಯ ಬಂದೂಕನ್ನು ತಾತ್ಕಾಲಿಕವಾಗಿ, ಸಾಮಾನ್ಯವಾಗಿ ಒಂದು ವರ್ಷದವರೆಗೆ, ತೆಗೆದಿಡಿಸುತ್ತದೆ. ಇದು ಸೋಲುವುದು ಅರ್ಜಿಯನ್ನೇ ಯಾರೂ ಹಾಕದಿದ್ದಾಗ.

ಇವೆಲ್ಲವೂ ಸುಪ್ರೀಂ ಕೋರ್ಟ್ ದಾಟಬೇಕು. ಬಂದೂಕು ಕಾನೂನು ದೇಶದ ಹಳೆಯ ಪರಂಪರೆಗೆ ಹೊಂದಬೇಕೆಂದು ಅದು 2022ರಲ್ಲಿ ಹೇಳಿದ ಮೇಲೆ ಹಲವು ನಿಯಮಗಳು ಅಲುಗಾಡಿದವು. 2024ರಲ್ಲಿ ಮಾತ್ರ, ಕೌಟುಂಬಿಕ ಹಿಂಸೆಗಾಗಿ ನಿರ್ಬಂಧ ಆದೇಶ ಇರುವವರಿಂದ ಬಂದೂಕು ದೂರವಿಡುವ ಕಾನೂನನ್ನು 8-1 ಬಹುಮತದಿಂದ ಎತ್ತಿಹಿಡಿಯಿತು.