ಮೇಷ್ಟ್ರು ಬರುತ್ತಿದ್ದ ಕಾಲ, ಹುಡುಗರು ಹೋಗುವ ಕಾಲ

ಕಾರ್ಖಾನೆಗಳಿಗೆ ಬೇಕಾದ ಅಚ್ಚು, ಉಪಕರಣ ಮಾಡುವ ಟೂಲ್‌ರೂಮ್‌ನಲ್ಲಿ ಕಲಿತವರನ್ನು ಮಾತಿಗೆಳೆದರೆ ಮೊದಲು ಬರುವುದು ಅರದ ಕಥೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದ ಹುಡುಗನ ಕೈಗೆ ಒಂದು ಕಬ್ಬಿಣದ ತುಂಡು, ಒಂದು ಅರ ಕೊಡುತ್ತಾರೆ. ತುಂಡನ್ನು ವೈಸ್‌ಗೆ ಕಚ್ಚಿಸಿ ಉಜ್ಜುತ್ತಾ ಹೋಗಬೇಕು. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಸಾಕು ಅನ್ನಿಸಿದಾಗ ಮೂಲೆ ನೇರವಿದೆಯಾ ಅಂತ ನೋಡುವ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಉಜ್ಜು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ ಪಕ್ಕದಲ್ಲೇ ಇರುವಾಗ ಇದೆಲ್ಲ ಯಾಕೆ ಅನ್ನಿಸುತ್ತೆ, ಅಲ್ವಾ? ಲೋಹದ ಹಟ ಎಂಥದ್ದು ಅಂತ ಮೊದಲು ಕೈಗೆ ಗೊತ್ತಾಗಲಿ ಅಂತ.

ಕರ್ನಾಟಕದಲ್ಲಿ ಈ ಪಾಠಕ್ಕೆ ದೊಡ್ಡ ಹೆಸರು ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಬೆಂಗಳೂರಿನ ರಾಜಾಜಿನಗರದಲ್ಲಿ 1972ರಲ್ಲಿ ಶುರುವಾಯಿತು. ಡೆನ್ಮಾರ್ಕ್ ಮತ್ತು ಭಾರತದ ನಡುವಿನ ನೆರವಿನ ಒಪ್ಪಂದದಲ್ಲಿ ರಾಜ್ಯ ಸರ್ಕಾರವೂ ಸೇರಿ ಕಟ್ಟಿದ ಸಂಸ್ಥೆ ಇದು. ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು.

ಅಷ್ಟು ದೂರದ ಡೆನ್ಮಾರ್ಕ್‌ನ ಸಹಾಯ ಯಾಕೆ ಬೇಕಿತ್ತು? ಚಕ್ಕುಲಿ ಒರಳನ್ನು ನೆನೆಸಿಕೊಳ್ಳಿ. ಹಿಟ್ಟು ಯಾರು ಬೇಕಾದರೂ ಕಲಸಬಹುದು, ಒತ್ತಬಹುದು. ಆದರೆ ಒಳಗಿನ ಬಿಲ್ಲೆಯ ತೂತು ಸೊಟ್ಟಗಿದ್ದರೆ ಒತ್ತಿದ ಚಕ್ಕುಲಿಯೆಲ್ಲ ಸೊಟ್ಟ. ಕಾರ್ಖಾನೆಯಲ್ಲಿ ಆ ಬಿಲ್ಲೆಯ ಕೆಲಸ ಮಾಡುವುದು ಡೈ ಮತ್ತು ಮೌಲ್ಡ್. ಬೆಂಗಳೂರಿನಲ್ಲಿ ಎಚ್‌ಎಎಲ್, ಟೆಲಿಫೋನ್ ಮಾಡುವ ಐಟಿಐ, ಎಚ್‌ಎಂಟಿ, ಬಿಇಎಲ್ ಆಗಲೇ ಇದ್ದವು. ಅವಕ್ಕೆ ಸಾಮಾನು ಮಾಡಿಕೊಡುವ ಸಣ್ಣ ಶೆಡ್ಡುಗಳೂ ಹುಟ್ಟಿಕೊಂಡಿದ್ದವು. ಒಳ್ಳೆಯ ಡೈ ಮಾಡುವ ಕೈಗಳು ಮಾತ್ರ ಕಡಿಮೆ. ಸಣ್ಣ ಶೆಡ್ಡಿನವನು ಸ್ವಂತ ಟೂಲ್‌ರೂಮ್ ಇಟ್ಟುಕೊಳ್ಳುವುದಂತೂ ದೂರದ ಮಾತು.

ಟೂಲ್‌ರೂಮ್ ಅಂದರೆ ಸುಮ್ನೆ ಶಾಲೆ ಅಲ್ಲ. ಹೊರಗಿನ ಕಂಪನಿಗಳ ಆರ್ಡರ್ ಅಲ್ಲಿಗೆ ಬರುತ್ತದೆ, ಅದನ್ನು ಗಡುವಿನೊಳಗೆ ಮುಗಿಸಿ ಕೊಡಬೇಕು. ಹುಡುಗರು ಕಲಿಯುವುದು ಆ ಕೆಲಸದ ನಡುವೆಯೇ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಇಲ್ಲಿ, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ. ಕೆಲಸದಿಂದ ದುಡ್ಡೂ ಬರುತ್ತದೆ. ಡೆನ್ಮಾರ್ಕ್‌ನವರು ಹೋದ ಮೇಲೂ ಸಂಸ್ಥೆ ನಿಂತದ್ದಕ್ಕೆ ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಕಾರಣ. 1998ರಲ್ಲಿ ಪೋಖ್ರಾಣ್ ಅಣುಪರೀಕ್ಷೆ ಆದಾಗ ಡೆನ್ಮಾರ್ಕ್ ಸಿಟ್ಟಾಗಿ ಭಾರತಕ್ಕೆ ಕೊಡುತ್ತಿದ್ದ ನೆರವಿನಿಂದ ಹಿಂದೆ ಸರಿಯಲು ತೀರ್ಮಾನಿಸಿತು. ಜಿಟಿಟಿಸಿ ಅಷ್ಟರಲ್ಲಿ ತನ್ನ ಕಾಲ ಮೇಲೆ ನಿಂತಿತ್ತು. ಈಗ ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿ ಅದರ ಕೇಂದ್ರಗಳಿವೆ.

ಇದು ಒಂಟಿ ಕಥೆಯೇನೂ ಅಲ್ಲ. ಎಚ್‌ಎಂಟಿ 1953ರಲ್ಲಿ ಶುರುವಾದಾಗ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿ ಜೊತೆಗಿತ್ತು. ಇವತ್ತು ಪೀಣ್ಯದಲ್ಲಿ ಕಾಣುವ ತರಬೇತಿ ಸಂಸ್ಥೆ ಎನ್‌ಟಿಟಿಎಫ್ 1959ರಲ್ಲಿ ಕೇರಳದ ತಲಶ್ಶೇರಿ ಹತ್ತಿರದ ನೆಟ್ಟೂರಿನಲ್ಲಿ ಹುಟ್ಟಿದ್ದು, ಅದೂ ಸ್ವಿಸ್ ನೆರವಿನಿಂದ. ತುಮಕೂರು ರಸ್ತೆಯ ಫೋರ್‌ಮನ್ ತರಬೇತಿ ಸಂಸ್ಥೆಗೆ 1971ರಲ್ಲಿ ಕೈ ಜೋಡಿಸಿದ್ದು ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ. ಐಐಟಿಗಳ ಕಥೆ ಗೊತ್ತೇ ಇದೆ: ಬಾಂಬೆಗೆ ಸೋವಿಯತ್ ರಷ್ಯಾ, ಮದ್ರಾಸಿಗೆ ಪಶ್ಚಿಮ ಜರ್ಮನಿ, ಕಾನ್ಪುರಕ್ಕೆ ಅಮೆರಿಕ. ದೊಡ್ಡ ದೇಶಗಳ ಜಿದ್ದಿನಲ್ಲಿ ನಮಗೆ ಲ್ಯಾಬುಗಳು ಸಿಕ್ಕವು.

ಮಂಗಳೂರಿನವರು ಇದನ್ನೆಲ್ಲ ಓದಿ ನಗಬಹುದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಅಲ್ಲಿಗೆ ಬಂದದ್ದು 1834ರಲ್ಲಿ. ಮತಾಂತರ ಆದವರಿಗೆ ಕುಲಕಸುಬು, ಮನೆಮಠ ತಪ್ಪಿಹೋದಾಗ ಹೊಟ್ಟೆಪಾಡಿಗೊಂದು ದಾರಿ ಬೇಕಾಯಿತು. ನೇಯ್ಗೆ, ಅಚ್ಚುಕೂಟ ಬಂದವು. 1865ರಲ್ಲಿ ಮಿಷನ್‌ನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಧರ್ಮಪ್ರಚಾರದ ಉದ್ದೇಶ ಮುಚ್ಚಿಟ್ಟದ್ದೇನಲ್ಲ. ಆದರೂ ಆ ಹೆಂಚಿನ ಕಸುಬು ಕರಾವಳಿಯ ತುಂಬ ಹಬ್ಬಿ ಊರಿನದೇ ಆಯಿತು.

ಇಷ್ಟರಲ್ಲೂ ಒಂದು ಸಮಾನ ಸಂಗತಿ ಇದೆ. ಕಲಿಸುವವರು ಇಲ್ಲಿಗೆ ಬಂದರು, ಕಲಿತವರಲ್ಲಿ ಬಹಳ ಜನ ಇಲ್ಲಿಯೇ ದುಡಿದರು.

ಈಗ ಗಾಳಿ ತಿರುಗಿದೆ. ಜಪಾನ್, ಜರ್ಮನಿಯಲ್ಲಿ ವಯಸ್ಸಾದವರು ಜಾಸ್ತಿ, ಕೆಲಸಕ್ಕೆ ಕೈಗಳು ಸಾಲುತ್ತಿಲ್ಲ. 2016ರಲ್ಲಿ ಭಾರತ ಮತ್ತು ಜಪಾನ್ ಮಾಡಿಕೊಂಡ ಒಪ್ಪಂದದಲ್ಲಿ ಹತ್ತು ವರ್ಷಕ್ಕೆ 30,000 ಯುವಕರಿಗೆ ಜಪಾನಿ ಪದ್ಧತಿಯ ತರಬೇತಿ ಕೊಡುವ ಗುರಿ ಇತ್ತು. ಅದು ಇನ್ನೂ ಹಳೆಯ ದಾರಿಯೇ, ಕಲಿಕೆ ಇಲ್ಲೇ. ಬಿಡದಿಯಲ್ಲಿ ಟೊಯೊಟಾ 2007ರಿಂದಲೇ ಹಳ್ಳಿಯ ಬಡ ಮನೆಗಳ ಮಕ್ಕಳಿಗೆ ಹೀಗೆ ಮೂರು ವರ್ಷದ ವಸತಿ ತರಬೇತಿ ಕೊಡುತ್ತಿತ್ತು. ಆದರೆ 2017ರ ಇನ್ನೊಂದು ಒಪ್ಪಂದ ಬೇರೆ ಥರದ್ದು. ಇದರಲ್ಲಿ ನಮ್ಮ ಹುಡುಗ ಹುಡುಗಿಯರು ‘ತಾಂತ್ರಿಕ ಇಂಟರ್ನ್’ ಆಗಿ ಜಪಾನಿಗೇ ಹೋಗುತ್ತಾರೆ, ಮೂರರಿಂದ ಐದು ವರ್ಷ ಅಲ್ಲೇ ಇರಬಹುದು.

ಈ ಇಂಟರ್ನ್ ಪದ್ಧತಿ ಜಪಾನಿನಲ್ಲಿ 1993ರಿಂದ ಇದೆ. ಹೆಸರಿಗೆ ತರಬೇತಿ, ನಡೆಯುವುದು ದುಡಿಮೆ ಎಂಬ ದೂರು ಅಲ್ಲಿಯವರದ್ದೇ. ಮಾಲೀಕ ಕಿರುಕುಳ ಕೊಟ್ಟರೂ ಕೆಲಸ ಬದಲಾಯಿಸುವುದು ಕಷ್ಟ. ಓಡಿಹೋದವರ ಸಂಖ್ಯೆ ವರ್ಷವರ್ಷ ಸಾವಿರಗಟ್ಟಲೆ. ಕೊನೆಗೆ 2024ರಲ್ಲಿ ಜಪಾನ್ ಸಂಸತ್ತು ಈ ಪದ್ಧತಿ ತೆಗೆದು ಹೊಸದನ್ನು ತರಲು ಕಾನೂನು ಮಾಡಿತು. 2027ರಲ್ಲಿ ಅದು ಜಾರಿಗೆ ಬರಬೇಕು. ಒಂದೆರಡು ವರ್ಷ ದುಡಿದ ಮೇಲೆ, ಭಾಷೆಯಲ್ಲೂ ಕೆಲಸದಲ್ಲೂ ಪಾಸಾದರೆ, ಅದೇ ಕಸುಬಿನ ಬೇರೆ ಮಾಲೀಕನ ಹತ್ತಿರ ಹೋಗಬಹುದು.

ಹಾಗಾಗಿ ಹೊರಡುವ ಹುಡುಗರು ಮೊದಲು ಹಿಡಿಯುವುದು ಅರವಲ್ಲ, ಜಪಾನಿ ಭಾಷೆಯ ಹಿರಾಗಾನ ಅಕ್ಷರಗಳ ಕಾಪಿ ಪುಸ್ತಕ. ರಾಜಾಜಿನಗರದಲ್ಲಿ ಅರ ಹಿಡಿದವರಿಗೆ ಡೇನಿಷ್ ಕಲಿಯುವ ಪ್ರಮೇಯವೇ ಬಂದಿರಲಿಲ್ಲ.